ಎಸ್‌ಎಸ್‌ಪಿ ಪೋರ್ಟಲ್: ಅರ್ಜಿ ಸಲೀಸು, ತೊಡಕು ಬ್ಯಾಂಕಿನಲ್ಲಿ

ಪರಿಶಿಷ್ಟ, ಹಿಂದುಳಿದ, ಅಲ್ಪಸಂಖ್ಯಾತ ಸಮುದಾಯಗಳ ಮಕ್ಕಳ ಕಾಲೇಜು ಓದಿಗೆ ಕರ್ನಾಟಕದ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ (ಎಸ್‌ಎಸ್‌ಪಿ) ದೊಡ್ಡ ಆಸರೆ. ಹಲವು ಇಲಾಖೆಗಳ ನೆರವು ಒಂದೇ ಕಡೆ ಸಿಗುವುದು ನಿಜಕ್ಕೂ ಮೆಚ್ಚತಕ್ಕದ್ದು. ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಹಾಕಿದರೆ ವಿವರ ತಾನಾಗಿ ಬರುತ್ತದೆ. ಆದರೆ ಆಧಾರ್‌ನಲ್ಲಿರುವ ಹೆಸರಿಗೆ ಪ್ರಮಾಣಪತ್ರದ ಹೆಸರು ತಾಳೆಯಾಗದಿದ್ದರೆ ಅರ್ಜಿ ಅಲ್ಲೇ ನಿಲ್ಲಬಹುದು. ಮೊದಲೇ ನಾಡಕಚೇರಿಯಲ್ಲಿ ಸರಿಪಡಿಸಿಕೊಳ್ಳಿ.

ಮಂಜೂರಾದರೂ ಹಣ ಬಾರದಿದ್ದರೆ ಬ್ಯಾಂಕ್ ಕಡೆ ನೋಡಿ. ಖಾತೆಗೆ ಆಧಾರ್ ಪ್ರತಿ ಕೊಟ್ಟರೆ ಸಾಲದು, ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಜೋಡಣೆ, ಅಂದರೆ ನಿಗಮದ ದಾಖಲೆಯಲ್ಲಿ ಆಧಾರ್‌ಗೆ ಆ ಖಾತೆಯ ಬ್ಯಾಂಕ್ ಜೋಡಣೆ, ಆಗಿರಬೇಕು. ಎರಡು ಖಾತೆಗಳಿದ್ದರೆ ಕೊನೆಗೆ ಜೋಡಿಸಿದ್ದಕ್ಕೇ ಹಣ ಬೀಳುತ್ತದೆ.

ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ಊಟ, ವಸತಿಗೆ ನೆರವು ಕೊಡುವ ವಿದ್ಯಾಸಿರಿ ಯೋಜನೆಯಿದೆ. ಶುರುವಾದಾಗ ನಿಗದಿಯಾದದ್ದು ತಿಂಗಳಿಗೆ 1,500 ರೂಪಾಯಿ, 10 ತಿಂಗಳು. ಬೆಂಗಳೂರಿನ ಊಟ, ಬಾಡಿಗೆಗೆ ಅಷ್ಟು ಯಾವ ಮೂಲೆಗೂ ಸಾಲದು.