ಲೆಕ್ಕದ ವರದಿಗೆ ಎಕ್ಸೆಲ್‌ನ ಪವರ್ ಕ್ವೆರಿ ಎಷ್ಟು ಒಗ್ಗುತ್ತದೆ?

ಅಕೌಂಟಿಂಗ್ ಸಾಫ್ಟ್‌ವೇರ್‌ನ ಸಿದ್ಧ ವರದಿ ಸಾಲದಾದಾಗಲೆಲ್ಲ ಐಟಿಯವರನ್ನು ಕಾಯಬೇಕಿಲ್ಲ. ಎಕ್ಸೆಲ್ 2016ರಿಂದ ಡೇಟಾ ಟ್ಯಾಬ್‌ನಲ್ಲೇ ಇರುವ, ಬೇರೆ ಬೇರೆ ಫೈಲುಗಳ ಡೇಟಾ ತಂದು, ಶುಚಿಗೊಳಿಸಿ, ಜೋಡಿಸುವ ಪವರ್ ಕ್ವೆರಿ ಹಣಕಾಸು ವಿಭಾಗದವರು ತಾವೇ ಕಲಿತು ಬಳಸಬಹುದಾದ ಸಾಧನ.

ತಿಂಗಳ ಲೆಡ್ಜರ್‌ಗಳ (ಖಾತೆ ಪುಸ್ತಕಗಳ) ಸಿಎಸ್‌ವಿ, ಅಂದರೆ ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯರೂಪದ ಫೈಲುಗಳನ್ನು ಒಂದೇ ಫೋಲ್ಡರ್‌ನಲ್ಲಿಟ್ಟು 'ಫ್ರಮ್ ಫೋಲ್ಡರ್' ಮೂಲಕ ತನ್ನಿ. ಖಾತೆಯ ಹೆಸರು ಮೊದಲ ಸಾಲಿನಲ್ಲಷ್ಟೇ ಇದ್ದರೆ ಅದನ್ನೇ ಕೆಳಗಿನ ಖಾಲಿ ಸಾಲುಗಳಿಗೂ ತುಂಬುವ 'ಫಿಲ್ ಡೌನ್' ಬೇಕು. ಅದು ಕೆಲಸ ಮಾಡದಿದ್ದರೆ ಗಾಬರಿ ಬೇಡ: ಸಿಎಸ್‌ವಿಯ ಖಾಲಿ ಜಾಗ ನಲ್ (ಮೌಲ್ಯವೇ ಇಲ್ಲದ ಸ್ಥಿತಿ) ಅಲ್ಲ, ಬರಿದಾದ ಪಠ್ಯ. 'ರಿಪ್ಲೇಸ್ ವ್ಯಾಲ್ಯೂಸ್'ನಲ್ಲಿ ಅದನ್ನು ನಲ್ ಮಾಡಿ, ಆಮೇಲೆ ತುಂಬಿಸಿ.

ದೊಡ್ಡ ಎಡವಟ್ಟು ಖಾತೆ ಸಂಕೇತದಲ್ಲಿ. ತಾನಾಗಿ ಸೇರುವ 'ಚೇಂಜ್ಡ್ ಟೈಪ್' ಹಂತ ಸಂಕೇತವನ್ನು ಸಂಖ್ಯೆಯೆಂದು ತಿಳಿದು 00410 ಅನ್ನು 410 ಮಾಡಿಬಿಡುತ್ತದೆ. ಆ ಕಾಲಂ ಟೆಕ್ಸ್ಟ್ ಆಗಿಯೇ ಇರಲಿ. ಯಾವ ಖಾತೆ ಯಾವ ಗುಂಪಿನದು ಎಂದು ಹೇಳುವ ಗುಂಪು ಪಟ್ಟಿಯನ್ನು ಲೆಡ್ಜರ್ ಜತೆ ಮರ್ಜ್ ಮಾಡುವಾಗ (ಜೋಡಿಸುವಾಗ) ಆ ಪಟ್ಟಿಯಲ್ಲಿ ಒಂದೇ ಸಂಕೇತ ಎರಡು ಬಾರಿ ಇದ್ದರೆ ಆ ಖಾತೆಯ ಮೊತ್ತ ದುಪ್ಪಟ್ಟಾಗುತ್ತದೆ. ಗುಂಪಿಗೆ ಸೇರದ ಖಾತೆಗಳನ್ನು ಮರ್ಜ್‌ನಲ್ಲೇ ಇರುವ 'ಲೆಫ್ಟ್ ಆಂಟಿ' ಜಾಯಿನ್ (ಹೊಂದಿಕೆಯಾಗದ ಸಾಲುಗಳನ್ನಷ್ಟೇ ಉಳಿಸುವ ಆಯ್ಕೆ) ಹಿಡಿದುಕೊಡುತ್ತದೆ, ಇದಂತೂ ಅಮೂಲ್ಯ.

ಕೊರತೆಯೂ ಇದೆ. ಸಾಫ್ಟ್‌ವೇರ್ ಅಪ್‌ಡೇಟ್ ಆಗಿ ಕಾಲಂ ಹೆಸರು ಬದಲಾದರೆ ರಿಫ್ರೆಶ್ (ಹೊಸ ಡೇಟಾ ಮತ್ತೆ ತರುವ ಕೆಲಸ) ನಿಂತುಹೋಗುತ್ತದೆ. ಪ್ರತಿ ರಿಫ್ರೆಶ್ ನಂತರ ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಶಿಲ್ಕು ಪಟ್ಟಿ) ಜತೆ ಮೊತ್ತ ತಾಳೆ ನೋಡದೆ ವರದಿ ಕಳಿಸಬೇಡಿ.