ಸಣ್ಣ ಸ್ಟುಡಿಯೋಗೆ ಮ್ಯಾಸ್ಕಾಟ್: ಹುಡುಗಿ, ಕುಂಚ, ಅಳಿಲು

ನಮ್ಮ ಸಣ್ಣ ವಿನ್ಯಾಸ ಸ್ಟುಡಿಯೋಗೆ ಮ್ಯಾಸ್ಕಾಟ್ ಒಂದನ್ನು, ಅಂದರೆ ಸಂಸ್ಥೆಯ ಗುರುತಾಗಿ ನಿಲ್ಲುವ ಪಾತ್ರವೊಂದನ್ನು, ರೂಪಿಸುವಾಗ ಮೂರು ಬಗೆಯ ಪಾತ್ರಗಳನ್ನು ನಿತ್ಯದ ಕೆಲಸದಲ್ಲಿ ಬಳಸಿ ನೋಡಿದೆವು: ಒಬ್ಬ ಹುಡುಗಿ, ಜೀವ ತಳೆದ ಒಂದು ಕುಂಚ ಮತ್ತು ಒಂದು ಅಳಿಲು. ಮೊದಲ ಚಿತ್ರ ಎಷ್ಟು ಚೆಂದವಾಗಿದೆ ಎಂಬುದು ನಮ್ಮ ಅಳತೆಗೋಲಾಗಿರಲಿಲ್ಲ. ಪಾತ್ರವನ್ನು ರೂಪಿಸಿದವರು ಬೇರೆ ಕೆಲಸದಲ್ಲಿರುವಾಗ ಇನ್ನೊಬ್ಬರು ಅದನ್ನು ಹೊಸ ಭಂಗಿಯಲ್ಲಿ ಬಿಡಿಸಿದರೂ ಅದೇ ಪಾತ್ರವೆಂದು ಗುರುತು ಸಿಗಬೇಕು, ಏಕೆಂದರೆ ನಾಲ್ಕಾರು ಜನರ ಸ್ಟುಡಿಯೋದಲ್ಲಿ ಮ್ಯಾಸ್ಕಾಟಿಗೆಂದೇ ಒಬ್ಬ ಕಲಾವಿದರನ್ನು ಮೀಸಲಿಡಲಾಗದು.

ಗುಂಗುರು ಕೂದಲಿನ, ಕಂಕುಳಲ್ಲಿ ಚಿತ್ರಫಲಕ ಹಿಡಿದ ಹುಡುಗಿ ಈ ಪರೀಕ್ಷೆಯಲ್ಲಿ ಬೇಗನೆ ಹಿಂದೆ ಬಿದ್ದಳು. ಮನುಷ್ಯರ ಮುಖವನ್ನು ನಮ್ಮ ಕಣ್ಣು ಬಹಳ ಸೂಕ್ಷ್ಮವಾಗಿ ಗಮನಿಸುವುದರಿಂದ, ಕಣ್ಣು ಮತ್ತು ಮೂಗಿನ ನಡುವಿನ ಅಂತರ ಕೂದಲೆಳೆಯಷ್ಟು ಬದಲಾದರೂ ಬೇರೊಬ್ಬಳೇ ಎದುರು ನಿಂತಂತಾಗುತ್ತಿತ್ತು. ಜೊತೆಗೆ ಆಕೆಯ ವಯಸ್ಸೆಷ್ಟು, ಉಡುಪು ಯಾವುದು, ಆಕೆ ನಮ್ಮ ಸಿಬ್ಬಂದಿಯಲ್ಲಿ ಯಾರು ಎಂಬ ಪ್ರಶ್ನೆಗಳಿಗೂ ಉತ್ತರಿಸಬೇಕಾಗುತ್ತಿತ್ತು.

ಕುಂಚವನ್ನು ಮಾತ್ರ ನಾನು ಬಹಳ ಇಷ್ಟಪಟ್ಟಿದ್ದೆ. ಅದಕ್ಕೆ ಕಣ್ಣು, ಬಾಯಿಗಳನ್ನು ಬಿಡಿಸದೆ ಕೂದಲಿನಿಂದಲೇ ಭಾವ ಹೊಮ್ಮಿಸಿದೆವು: ಒದ್ದೆಯಾಗಿ ಮೊನಚಾದರೆ ಏಕಾಗ್ರತೆ, ಒಣಗಿ ಕೆದರಿದರೆ ದಣಿವು, ತುದಿ ಒಂದು ಬದಿಗೆ ವಾಲಿದರೆ ಕುತೂಹಲ. ಬ್ರೌಸರ್ ಟ್ಯಾಬ್‌ನ 16 ಪಿಕ್ಸೆಲ್ ಅಗಲದ ಚಿಹ್ನೆಯಲ್ಲಿಯೂ, ಒಂದೇ ಬಣ್ಣದ ರಬ್ಬರ್ ಮುದ್ರೆಯಲ್ಲಿಯೂ ಅದು ಸ್ಪಷ್ಟವಾಗಿ ನಿಂತಿತು, ಮತ್ತು ಯಾರು ಬಿಡಿಸಿದರೂ ಒಂದೇ ರೀತಿ ಬರುತ್ತಿತ್ತು.

ಆದರೆ ಅದಕ್ಕೆ ಏನನ್ನಾದರೂ ಮಾಡಲು ಹೇಳಿದೊಡನೆ ತೊಡಕು ಎದುರಾಯಿತು. ಅನಿಮೇಷನ್ ಸಂಸ್ಥೆ ಪಿಕ್ಸಾರ್‌ನ ಕಿರುಚಿತ್ರದಲ್ಲಿ ಮೇಜುದೀಪವೊಂದು 1986ರಲ್ಲೇ ಮುಖವಿಲ್ಲದೆ ನಟಿಸಿ ತೋರಿಸಿದೆ, ನಿಜ. ಆದರೆ ಆ ದೀಪಕ್ಕೆ ಮಡಚುವ ಕೀಲುಗಳೂ ತಲೆಯಂತೆ ತಿರುಗುವ ಮುಸುಕೂ ಇವೆ. ಕುಂಚದ ಹಿಡಿಯಾದರೋ ನೆಟ್ಟನೆಯ ಕಡ್ಡಿ, ಕೂದಲನ್ನು ಬಿಗಿದಿಟ್ಟ ಲೋಹದ ಕೊಳವೆಯ ಬಳಿ ಅದನ್ನು ಬಾಗಿಸಿದರೆ ಮುರಿದಂತೆಯೇ ಕಾಣುತ್ತದೆ. ಕೈಕಾಲು ಸೇರಿಸಿದಾಗ ಅದು ಕೈಕಾಲು ಬಂದ ಬೇರೆ ಯಾವುದೇ ವಸ್ತುವಿನಂತಾಯಿತು. ಟೈರುಗಳನ್ನು ಪೇರಿಸಿ 1898ರಲ್ಲಿ ರೂಪಿಸಿದ, ಟೈರು ಕಂಪನಿ ಮಿಶೆಲಿನ್‌ನ ಮ್ಯಾಸ್ಕಾಟ್ ಆದ ಮಿಶೆಲಿನ್ ಮನುಷ್ಯನಲ್ಲಿ ಈ ತೊಂದರೆ ಇಲ್ಲದಿರುವುದಕ್ಕೆ ಕಾರಣ, ಅವನ ಹೊಟ್ಟೆ, ತೋಳುಗಳೆಲ್ಲ ಆ ಟೈರುಗಳಿಂದಲೇ ಆಗಿವೆ. ಹೊರಗಿನಿಂದ ಅಂಟಿಸಿದ್ದು ಏನೂ ಇಲ್ಲ. ವಸ್ತುವೊಂದನ್ನು ಪಾತ್ರವಾಗಿಸಲು ಹೊರಟವರು, ಅದರ ಸ್ವಂತ ಭಾಗಗಳೇ ಅವಯವಗಳಾಗಬಲ್ಲವೇ ಎಂದು ಮೊದಲು ನೋಡಬೇಕು ಎನ್ನುವುದು ನನ್ನ ದೃಢವಾದ ಅಭಿಪ್ರಾಯ.

ಅಳಿಲನ್ನು ಪೂರ್ತಿ ಕಪ್ಪು ತುಂಬಿ ನೆರಳಿನಂತೆ ಮಾಡಿ ನೋಡಿದಾಗಲೂ ಬಾಲದ ಸುರುಳಿಯಿಂದಲೇ ಗುರುತು ಸಿಕ್ಕಿತು. ಒಬ್ಬರ ಕೈಯಲ್ಲಿ ಅದು ಗುಂಡಗಾಯಿತು, ಇನ್ನೊಬ್ಬರ ಕೈಯಲ್ಲಿ ತೆಳ್ಳಗಾಯಿತು, ಆದರೂ ಬಾಲದ ಬಾಗು ಮತ್ತು ಕಿವಿಯ ತುದಿಯ ಕೂದಲು ಸರಿಯಾಗಿದ್ದಷ್ಟು ಕಾಲ ಅದು ನಮ್ಮ ಅಳಿಲೇ ಆಗಿ ಉಳಿಯಿತು. ಪೆನ್ಸಿಲ್ ಹಿಡಿಯಲು ಕೈಗಳಿವೆ, ಕಾಯಿಗಳನ್ನು ನೆಲದಲ್ಲಿ ಹೂತಿಟ್ಟು ಕೆಲವನ್ನು ಮತ್ತೆ ಹುಡುಕದೆ ಬಿಡುವ ಪ್ರಾಣಿಸಹಜ ಗುಣವೂ ಇದೆ. ಎಲ್ಲೆಲ್ಲೋ ಆಲೋಚನೆಗಳನ್ನು ಬಚ್ಚಿಟ್ಟು, ಅವು ಮೊಳೆತಾಗ ತಾನೇ ಬೆರಗಾಗುವ ಸ್ವಭಾವವನ್ನು ನಾವು ಅದರಿಂದಲೇ ಪಡೆದೆವು. ಹುಡುಗಿಗೂ ಕುಂಚಕ್ಕೂ ಸ್ವಭಾವವನ್ನು ಹೊರಗಿನಿಂದ ತಂದು ಹೊಂದಿಸಬೇಕಾಗಿತ್ತು.

ಕೊರತೆಗಳು ಇದಕ್ಕೂ ಇವೆ. 16 ಪಿಕ್ಸೆಲ್‌ಗೆ ಇಳಿಸಿದರೆ ಇಡೀ ಅಳಿಲು ಮಸಿಯ ಚುಕ್ಕೆಯಾಗುವುದರಿಂದ, ಬಾಲದ ಸುರುಳಿಯನ್ನು ಮಾತ್ರ ಉಳಿಸಿ ಸಣ್ಣ ರೂಪವನ್ನು ಬೇರೆಯಾಗಿ ಬಿಡಿಸಬೇಕಾಯಿತು. ಪ್ರಾಣಿಗಳ ಲೋಕದಲ್ಲಿ ದಟ್ಟಣೆಯೂ ಹೆಚ್ಚು: 1996ರಿಂದ ಕಂಪ್ಯೂಟರ್ ಕಾರ್ಯಾಚರಣಾ ವ್ಯವಸ್ಥೆ ಲಿನಕ್ಸ್‌ನ ಪೆಂಗ್ವಿನ್ ಇದೆ, ಭಾಷೆ ಕಲಿಸುವ ಆ್ಯಪ್ ಡ್ಯುಯೊಲಿಂಗೊದ ಗೂಬೆ ಇದೆ. ಹೀಗಾಗಿ ಇರುವ ಲೋಗೋಗಳನ್ನೂ ನೋಂದಾಯಿತ ಟ್ರೇಡ್‌ಮಾರ್ಕ್‌ಗಳನ್ನೂ ಹುಡುಕಿ ನೋಡದೆ ಪ್ರಾಣಿಪಾತ್ರವನ್ನು ಅಂತಿಮಗೊಳಿಸಬಾರದು.

ಇಷ್ಟಾದರೂ ಅಳಿಲನ್ನೇ ಆರಿಸಿದೆವು. ಬಾಲದ ತುದಿಯನ್ನು ಕುಂಚವಾಗಿಸುವ ಸಲಹೆ ಬಂದಿತ್ತು, ನನಗೂ ಆಸೆಯಿತ್ತು. ಆದರೆ ನಮ್ಮಲ್ಲಿ ಬರವಣಿಗೆ ಮತ್ತು ಧ್ವನಿಯ ಕೆಲಸವೂ ನಡೆಯುವುದರಿಂದ ಮ್ಯಾಸ್ಕಾಟ್ ಚಿತ್ರಕಾರರಿಗೆ ಮಾತ್ರ ಸೇರಿದ್ದಾಗಬಾರದೆಂದು ಕೈಬಿಟ್ಟೆವು. ಈಗ ಪಾತ್ರವನ್ನು ಹೇಗೆ ಬಿಡಿಸಬೇಕೆಂದು ತೋರಿಸುವ ಮಾದರಿ ಹಾಳೆಯಲ್ಲಿ (ಮಾಡೆಲ್ ಶೀಟ್) ಮುಂದಿನ, ಪಕ್ಕದ ಮತ್ತು ಹಿಂದಿನ ನೋಟಗಳ ಜೊತೆಗೆ, ಬಾಲ ಯಾವ ಭಾವಕ್ಕೆ ಎಷ್ಟು ಬಾಗಬೇಕು ಎಂಬುದನ್ನೂ ಬಿಡಿಸಿಟ್ಟಿದ್ದೇವೆ.