ನಮ್ಮ ಮನೆಯ ಕಾಗದ ಸರಿಯಿತ್ತು, ಪಕ್ಕದ ಮನೆಯದ್ದನ್ನು ನೋಡಲಿಲ್ಲ

ಬೆಂಗಳೂರಿನಲ್ಲಿ ಮನೆ ಕೊಳ್ಳಲು ಜಯನಗರವೋ ಇಂದಿರಾನಗರವೋ ಎಂದು ತಲೆ ಕೆಡಿಸಿಕೊಂಡು ಕೂತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. 2018ರಲ್ಲಿ ನಾವೂ ಹಾಗೇ ಕೂತಿದ್ದೆವು. ವಿಜಯನಗರದಲ್ಲಿ ಹದಿನಾಲ್ಕು ವರ್ಷ ಬಾಡಿಗೆಗಿದ್ದು, ಹಾಸನದ ಹತ್ತಿರದ ತೋಟದಲ್ಲಿ ನಮ್ಮೆಜಮಾನರ ಪಾಲಿಗೆ ಬಂದದ್ದನ್ನು ಮಾರಿ, ಮಿಕ್ಕಿದ್ದಕ್ಕೆ ಬ್ಯಾಂಕ್ ಸಾಲ ಮಾಡಿ ಮನೆ ಕೊಳ್ಳಲು ಹೊರಟಿದ್ದೆವು. ತೋಟ ಮಾರಿದ ದುಡ್ಡು ಎಂದರೆ ಗೊತ್ತಲ್ಲ, ಎರಡನೇ ಸಲ ಬರುವಂಥದ್ದಲ್ಲ. ಅದಕ್ಕೇ ಸ್ವಲ್ಪ ಕಷ್ಟವಾದರೂ ಸರಿ, ಒಳ್ಳೆಯ ಏರಿಯಾದಲ್ಲೇ ತಗೊಳ್ಳೋಣ, ಮಗಳ ಮದುವೆಯೂ ಅದೇ ಮನೆಯಿಂದ ಆಗಲಿ ಎಂದು ನಿರ್ಧರಿಸಿದೆವು.

ಸದಾಶಿವನಗರ, ಡಾಲರ್ಸ್ ಕಾಲೋನಿ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಕೋರಮಂಗಲದಲ್ಲಿ ಒಂದು ಫ್ಲ್ಯಾಟ್ ಚೆನ್ನಾಗಿತ್ತು. ಆದರೆ ಅದು ಎಸ್‌ಟಿ ಬೆಡ್ ಬಡಾವಣೆಯ ಪಕ್ಕ. ಎಸ್‌ಟಿ ಬೆಡ್ ಎಂದರೆ ಶ್ರೀನಿವಾಗಿಲು ಟ್ಯಾಂಕ್ ಬೆಡ್, ಹೆಸರಿನಲ್ಲೇ ಕೆರೆ ಇದೆ. ಜೋರು ಮಳೆ ಬಂದಾಗೆಲ್ಲ ಅಲ್ಲಿ ನೀರು ನಿಲ್ಲುತ್ತದೆ ಎಂದು ತಿಳಿದು ಬಿಟ್ಟೆವು. ಕೊನೆಗೆ ಉಳಿದದ್ದು ಎರಡು: ಜಯನಗರ 4ನೇ ಟಿ ಬ್ಲಾಕಿನ ಒಂದು ಹಳೆಯ ಫ್ಲ್ಯಾಟ್, ಇಂದಿರಾನಗರ ಎಚ್‌ಎಎಲ್ 2ನೇ ಹಂತದಲ್ಲಿ ನಾಲ್ಕೇ ಮನೆಗಳಿದ್ದ ಒಂದು ಚಿಕ್ಕ ಕಟ್ಟಡದ ಮೊದಲ ಮಹಡಿ.

ಜಯನಗರದ್ದು ಅತ್ತೆಗೆ ತುಂಬ ಹಿಡಿಸಿತ್ತು. ಬೆಳಿಗ್ಗೆ ಎದ್ದರೆ ಹೂವಿನವರು, ಸೊಪ್ಪಿನವರು ಬಾಗಿಲಿಗೇ ಬರುತ್ತಾರೆ, ದೇವಸ್ಥಾನಕ್ಕೆ ನಡೆದೇ ಹೋಗಬಹುದು. ಆದರೆ ಲಿಫ್ಟ್ ಇರಲಿಲ್ಲ, ಅಡುಗೆಮನೆ ಚಿಕ್ಕದು. ಎಲ್ಲಕ್ಕಿಂತ ಹೆಚ್ಚಾಗಿ, ಆ ಅಡ್ಡರಸ್ತೆ ಮೂವತ್ತಡಿ ಇತ್ತೋ ಇಲ್ಲವೋ. ಎರಡೂ ಕಡೆ ಕಾರು ನಿಲ್ಲಿಸಿದರೆ ನಡುವೆ ಇನ್ನೊಂದು ತೂರಿಸುವುದೇ ಸಾಹಸ. "ಇಷ್ಟು ದುಡ್ಡು ಕೊಟ್ಟು ದಿನಾ ರಿವರ್ಸ್ ಹೊಡೀತಾ ಕೂರೋದಾ?" ಎಂದರು ಯಜಮಾನರು. ನನಗೂ ಹೌದೆನಿಸಿತು. ಆ ಮಾತನ್ನು ಈಗ ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇಂದಿರಾನಗರದ ರಸ್ತೆ ವಿಶಾಲವಾಗಿತ್ತು. ಎರಡೂ ಕಡೆ ದೊಡ್ಡ ಮಳೆಮರಗಳು, ಕೆಳಗೆ ನೆರಳು. ನೂರಡಿ ರಸ್ತೆ ಎಂಬ ಮುಖ್ಯರಸ್ತೆ ನಡೆದು ಹೋಗುವಷ್ಟು ಹತ್ತಿರ, ಆದರೆ ಅದರ ಗದ್ದಲ ನಮ್ಮವರೆಗೆ ಬರುತ್ತಿರಲಿಲ್ಲ. 2011ರ ಅಕ್ಟೋಬರ್‌ನಲ್ಲಿ ನಮ್ಮ ಮೆಟ್ರೊ ಮೊದಲ ಬಾರಿಗೆ ಓಡಿದ್ದೇ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ, ನಡುವೆ ಇಂದಿರಾನಗರ ನಿಲ್ದಾಣ. ಯಜಮಾನರ ಆಫೀಸು ದೊಮ್ಮಲೂರಿನ ಹತ್ತಿರ. ನಾವು ಹೋಗಿ ನೋಡಿದ್ದು ನಾಲ್ಕು ಸಲ, ನಾಲ್ಕೂ ಸಲ ಭಾನುವಾರ ಬೆಳಿಗ್ಗೆ. ಹಕ್ಕಿ ಕೂಗುವುದು ಕೇಳುತ್ತಿತ್ತು.

ಕಾಗದಪತ್ರದ ವಿಷಯದಲ್ಲಿ ನಾವು ಅಸಡ್ಡೆ ಮಾಡಿದವರಲ್ಲ. ವಕೀಲರನ್ನಿಟ್ಟು ಮೂಲಪತ್ರ, ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಹಂಚಿಕೆ ಪತ್ರ, ಕ್ರಯಪತ್ರ, ಮೂವತ್ತು ವರ್ಷದ ಇಸಿ (ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ), ಪಾಲಿಕೆಯ ಎ ಖಾತಾ, ಮಂಜೂರಾದ ನಕ್ಷೆ, ಓಸಿ (ವಾಸಕ್ಕೆ ಕೊಡುವ ಒಪ್ಪಿಗೆ ಪತ್ರ), ತೆರಿಗೆ ರಸೀದಿ ಎಲ್ಲ ತೆಗೆಸಿದೆವು. ಒಂದಕ್ಷರ ತಪ್ಪಿರಲಿಲ್ಲ. ವಕೀಲರೇ, "ಇಷ್ಟು ಕ್ಲೀನಾಗಿರೋ ಫೈಲು ನಾನು ಅಪರೂಪಕ್ಕೆ ನೋಡೋದು" ಎಂದರು.

ಎಡಗಡೆ ಒಂಟಿ ಮನೆ. ಎಪ್ಪತ್ತರ ದಶಕದ ಕೊನೆಯಲ್ಲಿ ಸೈಟು ಸಿಕ್ಕಿ ಕಟ್ಟಿಸಿದ್ದು, ಮುಂದೆ ಒಂದು ಸಂಪಿಗೆ ಮರ. ವಯಸ್ಸಾದ ಗಂಡ ಹೆಂಡತಿ ಇಬ್ಬರೇ. ಮಗ ನ್ಯೂಜೆರ್ಸಿಯಲ್ಲಿ, ಮಗಳು ಸಿಂಗಪುರದಲ್ಲಿ. ಗೃಹಪ್ರವೇಶಕ್ಕೆ ಬಂದು ಅಮ್ಮನವರು ನನ್ನ ಕೈ ಹಿಡಿದು, "ನಿಮ್ಮಂಥವರು ಪಕ್ಕಕ್ಕೆ ಬಂದ್ರಲ್ಲ, ಸಮಾಧಾನ ಆಯ್ತಮ್ಮ" ಎಂದರು. ಇಂಥ ನೆರೆ ಸಿಕ್ಕಿದ್ದು ನಮ್ಮ ಪುಣ್ಯ ಎಂದುಕೊಂಡೆ. ಎಂಬತ್ತು ದಾಟಿದ ದಂಪತಿ, ಪರದೇಶದಲ್ಲಿ ಮಕ್ಕಳು, ಅಗಲವಾದ ರಸ್ತೆಗೆ ಮುಖ ಮಾಡಿದ ದೊಡ್ಡ ಸೈಟು. ಇವು ಮೂರೂ ಒಂದೆಡೆ ಸೇರಿದರೆ ಮುಂದೇನಾಗುತ್ತದೆ ಎಂದು ನಾನು ಯೋಚಿಸಲೇ ಇಲ್ಲ.

ಆ ಮನೆಯ ಯಜಮಾನರಾದ ರಾಯರು 2020ರಲ್ಲಿ ತೀರಿಕೊಂಡರು. ಮರುವರ್ಷ ಅಮ್ಮನವರನ್ನು ಮಗ ಕರೆದುಕೊಂಡು ಹೋದ. 2022ರ ಹೊತ್ತಿಗೆ ಕಾಂಪೌಂಡಿಗೆ ಹಸಿರು ಬಟ್ಟೆ ಕಟ್ಟಿದರು, ಸಂಪಿಗೆ ಮರ ಹೋಯಿತು, ಮೊದಲು ಒಂದು ಕೆಫೆ ಬಂತು. ಅದರಿಂದ ನಮಗೆ ತೊಂದರೆ ಇರಲಿಲ್ಲ, ನಿಜ ಹೇಳಬೇಕೆಂದರೆ ಒಂದೆರಡು ಸಲ ನಾವೇ ಹೋಗಿ ಕಾಫಿ ಕುಡಿದೆವು. ಅವರ ಮಗನ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಸಂಸಾರಕ್ಕೆ ಬಾಡಿಗೆಗೆ ಕೊಟ್ಟರೆ ಬರುವ ದುಡ್ಡಿನ ಎಷ್ಟೋ ಪಟ್ಟು ಅಂಗಡಿಗೆ ಕೊಟ್ಟರೆ ಬರುತ್ತದೆ, ಅಲ್ಲಿ ಕೂತು ನೋಡುವವನಿಗೆ ಅದು ಲೆಕ್ಕ ಮಾತ್ರ. ಆದರೆ 2023ರಲ್ಲಿ ಕೆಫೆಯವರು ಬಿಟ್ಟು ಹೋಗಿ ಬೇರೆಯವರು ಬಂದರು. ಮೇಲೆ ತಾರಸಿಗೆ ಕಬ್ಬಿಣದ ಚೌಕಟ್ಟು ಎದ್ದಿತು. ಆಮೇಲೆ ಬಾರು, ಸ್ಪೀಕರು, ಡಿಜೆ.

ಆ ಶಬ್ದ ಅನುಭವಿಸದವರಿಗೆ ಅದನ್ನು ವಿವರಿಸುವುದು ಕಷ್ಟ. ಹಾಡು ಕೇಳುವುದಿಲ್ಲ, ಹಾಡಿನ ಹೊಡೆತ ಮಾತ್ರ ಬರುತ್ತದೆ. ಕಿಟಕಿ ಮುಚ್ಚಿದರೆ ಮೇಲಿನ ಸದ್ದು ನಿಲ್ಲುತ್ತದೆ, ಕೆಳಗಿನ ಧಿಮ್ ಧಿಮ್ ಗೋಡೆಯಲ್ಲಿ ಬರುತ್ತದೆ, ಮಂಚದಲ್ಲಿ ಬರುತ್ತದೆ. ಸ್ಟೀಲ್ ತಟ್ಟೆ ಸ್ಟ್ಯಾಂಡಿನಲ್ಲಿ ಸಣ್ಣಗೆ ಗಲಗಲ ಅನ್ನುತ್ತಿತ್ತು. ಎರಡು ಪದರದ ಗಾಜು ಹಾಕಿಸಿದೆವು, ಒಂದೂವರೆ ಲಕ್ಷ ಖರ್ಚಾಯಿತು, ಹೊಡೆತ ಕಡಿಮೆಯಾಗಲಿಲ್ಲ. ಸದ್ದು ನಿಂತ ಮೇಲೂ ಮುಗಿಯುತ್ತಿರಲಿಲ್ಲ. ಕುಡಿದವರು ಗೇಟಿನ ಮುಂದೆ ಕ್ಯಾಬಿಗೆ ಕಾಯುತ್ತ ಅರ್ಧ ಗಂಟೆ ಮಾತಾಡುವುದು, ಗಿರಾಕಿಗಳ ಕಾರು ನಿಲ್ಲಿಸಿಕೊಡುವ ವ್ಯಾಲೆ ಹುಡುಗರು ನಮ್ಮ ಗೇಟಿಗೇ ಅಡ್ಡ ಕಾರು ನಿಲ್ಲಿಸುವುದು, ಆಮೇಲೆ ಬಾಟಲಿ ತುಂಬಿದ ಕ್ರೇಟುಗಳನ್ನು ಲಾರಿಗೆ ಎತ್ತಿ ಹಾಕುವ ಸದ್ದು. ನಮ್ಮ ಮಲಗುವ ಕೋಣೆಯ ಕೆಳಗೆ, ಎರಡು ಕಟ್ಟಡಗಳ ನಡುವೆ ಬಿಟ್ಟಿದ್ದ ಜಾಗದಲ್ಲಿ ಜನರೇಟರು ಮತ್ತು ಸಾಲಾಗಿ ಹೋಟೆಲಿನ ಗ್ಯಾಸ್ ಸಿಲಿಂಡರುಗಳು. ಬೆಂಕಿ ಹೊತ್ತಿದರೆ ಎಂಬ ಭಯದಲ್ಲೇ ಎಷ್ಟೋ ರಾತ್ರಿ ಎದ್ದು ಕೂತಿದ್ದೇನೆ.

2024ರ ಆಗಸ್ಟ್‌ನಲ್ಲಿ ಬಾರು, ಹೋಟೆಲುಗಳು ರಾತ್ರಿ ಒಂದು ಗಂಟೆಯವರೆಗೆ ತೆರೆದಿರಬಹುದು ಎಂಬ ಆದೇಶ ಬಂತು. ಮಗಳಿಗೆ ಆ ವರ್ಷ ಎಸ್‌ಎಸ್‌ಎಲ್‌ಸಿ. ಶುಕ್ರವಾರ, ಶನಿವಾರ ಪುಸ್ತಕ ಹಿಡಿದುಕೊಂಡು ರಾಜಾಜಿನಗರದ ನನ್ನ ಅಕ್ಕನ ಮನೆಗೆ ಹೋಗಿ ಓದುತ್ತಿದ್ದಳು. ಸ್ವಂತ ಮನೆ ಇಟ್ಟುಕೊಂಡು ಮಗುವನ್ನು ಓದಲು ಬೇರೆಯವರ ಮನೆಗೆ ಕಳಿಸುವುದು ಎಂಥ ನೋವು ಎಂದು ಆಗ ಗೊತ್ತಾಯಿತು. ಅತ್ತೆಗೆ ಬಿಪಿ ಏರಿ, ಡಾಕ್ಟರು ನಿದ್ದೆ ಮುಖ್ಯ ಎಂದರು. ಅವರು ಹಾಸನಕ್ಕೆ, ಮೈದುನನ ಮನೆಗೆ ಹೋದವರು ಮತ್ತೆ ಬರಲಿಲ್ಲ.

ದೂರು ಕೊಡಲಿಲ್ಲವೇ ಎಂದು ಕೇಳುತ್ತೀರಿ. ಕೊಟ್ಟೆವು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ ಮಿತಿ. ನಮ್ಮ ನಡುಮನೆಯಲ್ಲಿ ಫೋನಿನ ಆ್ಯಪ್ 70 ದಾಟಿ ತೋರಿಸುತ್ತಿತ್ತು. ಫೋನಿನ ಅಳತೆಗೆ ಕಾನೂನಿನ ಬೆಲೆ ಇಲ್ಲ ಎಂದು ಆಮೇಲೆ ತಿಳಿಯಿತು. 112ಕ್ಕೆ ಕರೆ ಮಾಡಿದರೆ ಗಾಡಿ ಬರುತ್ತಿತ್ತು, ಸದ್ದು ತಗ್ಗುತ್ತಿತ್ತು, ಗಾಡಿ ತಿರುವಿನಲ್ಲಿ ಮರೆಯಾದ ಕೂಡಲೇ ಏರುತ್ತಿತ್ತು. ಕೊನೆಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಪಕ್ಕದ ಕಟ್ಟಡದ ದಾಖಲೆ ತೆಗೆಸಿದೆವು. ಮಂಜೂರಾದ ನಕ್ಷೆ ವಾಸದ ಮನೆಗೆ. ಉದ್ದಿಮೆ ಪರವಾನಗಿ ನೆಲಮಹಡಿಯ ಹೋಟೆಲಿಗೆ. ತಾರಸಿಯ ಬಗ್ಗೆ ಒಂದು ಸಾಲೂ ಇಲ್ಲ. ಇದನ್ನು ಕಚೇರಿಯ ಮೇಜಿನ ಮೇಲಿಟ್ಟಾಗ ನೋಟಿಸ್ ಹೋಯಿತು, ತಾರಸಿ ಹದಿನೈದು ದಿನ ಮುಚ್ಚಿತು, ಹದಿನಾರನೇ ದಿನ ತೆರೆಯಿತು. ಕೋರ್ಟಿಗೆ ಹೋಗಬಹುದಿತ್ತು. ಇಎಂಐ ಕಟ್ಟುತ್ತ, ಕೆಲಸಕ್ಕೆ ಹೋಗುತ್ತ, ಅದನ್ನು ವರ್ಷಗಟ್ಟಲೆ ನಡೆಸುವ ಶಕ್ತಿ ನಮ್ಮಲ್ಲಿ ಉಳಿದಿರಲಿಲ್ಲ.

ಈ ಓಡಾಟದಲ್ಲೇ ನನಗೆ ಅರ್ಥವಾದದ್ದನ್ನು ಹೇಳುತ್ತೇನೆ. ಬೆಂಗಳೂರಿನಲ್ಲಿ ಇವತ್ತಿಗೂ ನಡೆಯುತ್ತಿರುವುದು 2007ರಲ್ಲಿ ಒಪ್ಪಿಗೆಯಾದ, 2015ನೇ ಇಸವಿಯ ಹೆಸರಿನ ಮಾಸ್ಟರ್ ಪ್ಲಾನ್, ಅಂದರೆ ಯಾವ ಜಾಗ ಯಾವುದಕ್ಕೆ ಎಂದು ಹೇಳುವ ನಗರ ಯೋಜನೆ. 2031ರ ಕರಡು 2017ರಲ್ಲಿ ಬಂದು ಆಮೇಲೆ ಹಿಂದಕ್ಕೆ ಹೋಯಿತು. ವಸತಿ ಪ್ರದೇಶದ ಒಂದು ಸೈಟಿನಲ್ಲಿ ವ್ಯಾಪಾರಕ್ಕೆ ಎಷ್ಟು ಅವಕಾಶ ಎನ್ನುವುದರಲ್ಲಿ ಮುಂದಿನ ರಸ್ತೆಯ ಅಗಲಕ್ಕೆ ದೊಡ್ಡ ಪಾತ್ರ ಇದೆ. ಎಷ್ಟು ಅಗಲದ ರಸ್ತೆಯಲ್ಲಿ ವ್ಯಾಪಾರ ಬರಬಹುದು ಎಂಬ ಪ್ರಶ್ನೆಯಲ್ಲಿ, ನಲವತ್ತಡಿ ಎಂಬ ಅಂಕಿಯ ಸುತ್ತ ಈ ಊರಿನ ನಿವಾಸಿಗಳು ಎಷ್ಟೋ ವರ್ಷದಿಂದ ಹೈಕೋರ್ಟಿನಲ್ಲಿ ಹೋರಾಡಿದ್ದಾರೆ. ಅಂದರೆ ಯಾವ ಅಗಲದ ರಸ್ತೆಗಾಗಿ ನಾವು ಹೆಚ್ಚು ದುಡ್ಡು ಕೊಟ್ಟೆವೋ ಅದೇ ರಸ್ತೆ ಪಬ್ಬನ್ನೂ ಕರೆಯಿತು. ಬೇಡವೆಂದು ಬಿಟ್ಟು ಬಂದ ಟಿ ಬ್ಲಾಕಿನ ಇಕ್ಕಟ್ಟು ರಸ್ತೆಯಲ್ಲಿ ನಾನು ಮೊನ್ನೆ ನಡೆದು ಬಂದೆ. ಏಳು ವರ್ಷದಲ್ಲಿ ಅಲ್ಲಿ ಹೊಸದಾಗಿ ಬಂದಿರುವುದು ಒಂದು ಟೈಲರ್ ಅಂಗಡಿ. ಹಾಗೆಂದು ಜಯನಗರವೆಲ್ಲ ನೆಮ್ಮದಿ ಎಂದು ತಿಳಿಯಬೇಡಿ. 4ನೇ ಬ್ಲಾಕ್ ಕಾಂಪ್ಲೆಕ್ಸ್ ಸುತ್ತ, 11ನೇ ಮೇನ್ ಕಡೆ ಹೋಗಿ ನೋಡಿದರೆ ಗೊತ್ತಾಗುತ್ತದೆ. ಬಡಾವಣೆಯ ಹೆಸರು ನೋಡಿ ಆರಿಸಬೇಡಿ, ನಿಮ್ಮ ಬಾಗಿಲಿನ ಮುಂದಿನ ಆ ನೂರು ಮೀಟರ್ ನೋಡಿ.

ನೂರು ಮೀಟರ್ ಎಂಬುದಕ್ಕೆ ಇನ್ನೊಂದು ಕಾರಣವೂ ಇದೆ. ದೇವಸ್ಥಾನ, ಶಾಲೆ, ಆಸ್ಪತ್ರೆಗಳ 100 ಮೀಟರ್ ಒಳಗೆ ಮದ್ಯದ ಪರವಾನಗಿ ಕೊಡಬಾರದು ಎಂದು ಅಬಕಾರಿ ನಿಯಮದಲ್ಲಿ ಸಾಮಾನ್ಯವಾಗಿ ತಡೆ ಇದೆ. ಶಾಲೆಯ ಗಂಟೆ, ಗುಡಿಯ ಗಂಟೆ ಕೇಳಿಸುವ ಮನೆ ಬೇಡ ಎಂದು ದೂರ ಹೋಗುವವರು ಇದನ್ನು ಯೋಚಿಸಿ.

ಪಕ್ಕದ ಎರಡು ಮನೆ, ಎದುರಿನ ಎರಡು ಮನೆ, ಇವುಗಳಿಗೂ ಇಸಿ ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ಅರ್ಜಿ ಹಾಕಬಹುದು, ಖರ್ಚೂ ಹೆಚ್ಚಿಲ್ಲ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಗುತ್ತಿಗೆ ಕೊಟ್ಟರೆ ನೋಂದಣಿ ಆಗಲೇಬೇಕು, ಆದ್ದರಿಂದ ಒಂಬತ್ತು ವರ್ಷಕ್ಕೆ ಒಂದು ಕಂಪನಿಗೆ ಕೊಟ್ಟಿದ್ದರೆ ಅಲ್ಲಿ ಕಾಣುತ್ತದೆ. ರಸ್ತೆಯಲ್ಲಿ ಬೀಗ ಹಾಕಿದ ಒಂಟಿ ಮನೆಗಳೆಷ್ಟು ಎಂದು ಎಣಿಸಿ. ಇಸ್ತ್ರಿ ಗಾಡಿಯವರನ್ನು ವಿಚಾರಿಸಿ, ಯಾರ ಮನೆ ಯಾರಿಗೆ ಹೋಗುತ್ತಿದೆ ಎಂದು ಬ್ರೋಕರಿಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ. ನಮ್ಮ ಬ್ರೋಕರಿಗೂ ಗೊತ್ತಿರಬೇಕು. ಆ ಸಾಲಿನ ಎರಡು ಮನೆಗಳನ್ನು ಅದೇ ಮನುಷ್ಯ ಅಂಗಡಿಗೆ ಮಾಡಿಸಿಕೊಟ್ಟದ್ದು ಆಮೇಲೆ ನಮಗೆ ತಿಳಿಯಿತು. ಶನಿವಾರ ರಾತ್ರಿ ಹನ್ನೊಂದಕ್ಕೆ ಹೋಗಿ, ಮಲಗುವ ಕೋಣೆಯಲ್ಲಿ ದೀಪ ಆರಿಸಿ ಕಾಲು ಗಂಟೆ ಸುಮ್ಮನೆ ಕೂತು ಬನ್ನಿ. ಮಾರುವವರು ಒಪ್ಪದಿದ್ದರೆ ಅಲ್ಲಿಗೇ ಬಿಡಿ.

ನಾವು ಹೋದ ವರ್ಷದಿಂದ ಮನೆ ಮಾರಲು ನೋಡುತ್ತಿದ್ದೇವೆ. ದರ ಏರಿದೆಯಲ್ಲ, ನಿಮಗೇನು ನಷ್ಟ ಎನ್ನುವವರಿದ್ದಾರೆ. ದರ ಏರಿದೆ, ಆದರೆ ಆ ದರ ಕೊಡಲು ಬರುವವರು ಅಲ್ಲಿ ವಾಸ ಮಾಡಲು ಬರುವುದಿಲ್ಲ. ಒಬ್ಬರು ಸಲೂನಿಗೆ ಕೇಳಿದರು, ಇನ್ನೊಬ್ಬರು ಕ್ಲಿನಿಕ್ ಜೊತೆಗೆ ಜಿಮ್ ಎಂದರು. ನಮ್ಮ ಮೇಲಿನ ಮಹಡಿಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಒಬ್ಬರೇ ಇದ್ದಾರೆ. ಪಕ್ಕದವರು ನಮಗೆ ಮಾಡಿದ್ದನ್ನೇ ನಾವು ಅವರಿಗೆ ಮಾಡುವುದು ನನ್ನಿಂದ ಆಗಲಿಲ್ಲ. ಯಜಮಾನರೂ, "ಬೇಡ ಬಿಡು, ಅವರು ಎಲ್ಲಿಗೆ ಹೋಗ್ತಾರೆ" ಎಂದರು.

ಕಳೆದ ತಿಂಗಳು ಒಂದು ಕುಟುಂಬ ಬಂತು. ಭಾನುವಾರ ಬೆಳಿಗ್ಗೆ ಹತ್ತು ಗಂಟೆ, ಚಿಕ್ಕ ಮಗು, ಜೊತೆಗೆ ಅಜ್ಜಿ. ಮಗುವಿನ ತಾಯಿ, ಇನ್ನೂ ಹುಡುಗಿ, ಬಾಲ್ಕನಿಯಲ್ಲಿ ನಿಂತು ಮರ ನೋಡುತ್ತ, "ಎಷ್ಟು ಶಾಂತವಾಗಿದೆ ಆಂಟಿ" ಎಂದಳು. ಅವರು ಹೇಳಿದ ಮೊತ್ತ ನಾವು ಕೇಳಿದ್ದಕ್ಕೆ ಹತ್ತಿರವೇ ಇತ್ತು. "ಶನಿವಾರ ರಾತ್ರಿ ಹನ್ನೊಂದಕ್ಕೆ ಬನ್ನಿ, ಊಟ ನಮ್ಮಲ್ಲೇ ಮಾಡಿ, ಆಮೇಲೆ ಹೇಳಿ" ಎಂದೆ. ಬಂದರು. ಅಜ್ಜಿ ಸೋಫಾದಲ್ಲಿ ಕೂತು ಕೈಯನ್ನು ಗೋಡೆಗೆ ಒತ್ತಿ ಹಿಡಿದು ಸ್ವಲ್ಪ ಹೊತ್ತು ಹಾಗೇ ಇದ್ದರು. ಅನ್ನ ಸಾರು ಬಡಿಸಿದೆ, ಉಂಡು ಎದ್ದರು. ಬಾಗಿಲಲ್ಲಿ ಆ ಹುಡುಗಿ ನನ್ನ ಕೈ ಹಿಡಿದು, "ಥ್ಯಾಂಕ್ಸ್ ಆಂಟಿ" ಎಂದಳು. ಅವರು ಈಗ ಟಿ ಬ್ಲಾಕ್ ಕಡೆ ನೋಡುತ್ತಿದ್ದಾರೆ. ಮನೆ ಇನ್ನೂ ಹಾಗೇ ಇದೆ.